ವರಾಂಡದ ನುಣುಪು

ದುರಗವ್ವನ ಅಂಗೈಯಲ್ಲಿ ಗೆರೆಗಳಿರಲಿಲ್ಲ. ಅರ್ಧ ಸುಣ್ಣ ತಿಂದಿತ್ತು, ಉಳಿದರ್ಧ ಸಿಮೆಂಟ್ ತಿಂದಿತ್ತು. ಬೆಟಗೇರಿ ಸಂತೆಯಲ್ಲಿ ಕೈ ನೋಡುವವನೊಬ್ಬ ಆಕೆಯ ಅಂಗೈ ಕಂಡು, ಇಲ್ಲಿ ಓದಲಿಕ್ಕೆ ಏನೂ ಇಲ್ಲವ್ವ, ಮುಂದೆ ಹೋಗು ಎಂದಿದ್ದನಂತೆ. ಇದನ್ನು ಆಕೆ ಕೇರಿಯ ಹೆಂಗಸರ ಮುಂದೆ ನಗೆಮಾತಾಗಿ ಹೇಳುತ್ತಿದ್ದಳು. ಹಣೇಬರಾ ಸೈತ ತಿಕ್ಕಿ ತಗದೀನಿ ನೋಡ್ರವ್ವ ಅನ್ನುತ್ತಿದ್ದಳು.

ಆಕೆಯ ಕಸುಬು ನೆಲ ತಿಕ್ಕುವುದು. ಕೆಂಪು ಸಿಮೆಂಟಿನ ನೆಲ ಕನ್ನಡಿಯಂತೆ ಹೊಳೆಯುವ ಮನೆಗೆ ಹೋದಾಗ ನಾವು ಮನೆಯ ಯಜಮಾನನನ್ನು ಹೊಗಳುತ್ತೇವೆ, ಬಹಳವಾದರೆ ಮನೆ ಕಟ್ಟಿದ ಗೌಂಡಿಯನ್ನು. ಆದರೆ ಗೌಂಡಿ ಥಾಪಿ ಎಳೆದು ಎದ್ದುಹೋದ ಮೇಲೆ ಆ ಹೊಳಪು ಹುಟ್ಟಿಸುವವರು ಹೆಂಗಸರು. ಸಿಮೆಂಟ್ ಇನ್ನೇನು ಬಿಗಿಯಬೇಕು ಅನ್ನುವ ಹೊತ್ತಿಗೆ ಮೊಣಕಾಲೂರಿ ಕುಳಿತು, ಹೊಳೆಯಲ್ಲಿ ಸವೆದ ನುಣ್ಣನೆಯ ಕಲ್ಲಿನಿಂದ ಗೇಣು ಗೇಣಾಗಿ ಹಿಂದೆ ಸರಿಯುತ್ತ ತಿಕ್ಕಬೇಕು. ಮೂರು ತಾಸು, ನಾಲ್ಕು ತಾಸು. ನಡುವೆ ಏಳುವಂತಿಲ್ಲ. ಎದ್ದರೆ ಅಷ್ಟು ಜಾಗ ಮಂಕಾಗಿ ಉಳಿಯುತ್ತದೆ, ಮುಂದೆ ಎಷ್ಟು ಎಣ್ಣೆ ಸವರಿದರೂ ಹೋಗುವುದಿಲ್ಲ. ದುರಗವ್ವನ ಕಲ್ಲುಗಳು ಸಿಂಗಟಾಲೂರಿನ ಹೊಳೆದಂಡೆಯವು. ಅವುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಗದಗ, ಲಕ್ಷ್ಮೇಶ್ವರ, ಮುಂಡರಗಿ ತಿರುಗಿದವಳು ಆಕೆ. ಗಂಡ ಸುಣ್ಣದ ಭಟ್ಟಿಯಲ್ಲಿ ಕೆಮ್ಮಿ ಕೆಮ್ಮಿ ಸತ್ತಿದ್ದ. ಉಳಿದದ್ದು ಒಬ್ಬ ಮಗಳು, ಶಂಕ್ರೆವ್ವ.

ನೆಲ ಹಸಿ ಇರುವ ತನಕ ದುರಗವ್ವ ಯಾರ ಮನೆಯ ದೇವರ ಕೋಣೆಗಾದರೂ ಹೋಗಬಹುದಿತ್ತು. ಹಸಿ ಸಿಮೆಂಟಿಗೆ ಮೈಲಿಗೆ ಇಲ್ಲ, ಇದು ನಮ್ಮ ದೊಡ್ಡವರು ಕಂಡುಕೊಂಡ ಶಾಸ್ತ್ರ. ನೆಲ ಒಣಗಬೇಕು, ಯಾರೋ ಬಂದು ಗೋಮೂತ್ರ ಚಿಮುಕಿಸಬೇಕು, ಆ ಗಳಿಗೆಯಿಂದ ಆಕೆ ಹೊಸ್ತಿಲಿನ ಆಚೆ. ತಾನು ಮಾಡಿದ ನೂರಾರು ನೆಲಗಳಲ್ಲಿ ಒಣಗಿದ ನೆಲದ ಮೇಲೆ ಆಕೆ ಕಾಲಿಟ್ಟದ್ದಿಲ್ಲ. ಇಂಥ ಶಾಸ್ತ್ರ ನಡೆಸುವವರಿಗೆ ನಾಚಿಕೆ ಯಾಕೆ ಬರುವುದಿಲ್ಲ ಎಂದು ಕೇಳಿದರೆ, ನೀವು ಬಹಳ ಸಿಟ್ಟಿನ ಮನುಷ್ಯರು ಅನ್ನುತ್ತಾರೆ. ಹೌದು, ಸಿಟ್ಟೇ.

ಊರು ಶಿರಹಟ್ಟಿ ಸೀಮೆಯದು. ಹೆಸರು ಬರೆಯುವುದಿಲ್ಲ. ಬರೆದರೆ ಉಳಿದ ಊರವರೆಲ್ಲ ತಾವು ಪಾರಾದೆವೆಂದು ನೆಮ್ಮದಿಯಿಂದ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಸಂಸ್ಥಾನ ಮುಗಿದು ಮುಂಬೈ ಸರಕಾರ ಬಂದು ಮೂರು ವರ್ಷವಾಗಿತ್ತು. ಊರಿಗೆ ಹೊಸ ಶಾಲೆ ಮಂಜೂರಾಯಿತು, ಪರ್ಮಿಟ್ ಸಿಮೆಂಟೂ ಸಿಕ್ಕಿತು. ಶಾಲೆಯ ಕಮಿಟಿಗೆ ಅಂದಪ್ಪ ಸಾವಕಾರ ಹಿರಿಯ. ಗೌಂಡಿ ಕೆಲಸ ಮಾಶಾಕನದು, ತಿಕ್ಕುವ ಕೆಲಸ ದುರಗವ್ವನದು.

ಹಳೆಯ ಶಾಲೆಯದು ಮಣ್ಣಿನ ಕಟ್ಟಡ, ಒಳಗೂ ಹೊರಗೂ ಸೆಗಣಿ ನೆಲ. ಊರ ಮಕ್ಕಳು ಒಳಗೆ, ಕೇರಿಯ ಮಕ್ಕಳು ಹೊರಗೆ ಕಿಟಕಿಯ ಕೆಳಗೆ. ಶಂಕ್ರೆವ್ವನಿಗೆ ಆಗ ಎಂಟು ವರ್ಷ. ಆ ಮನೆತನದಲ್ಲಿ ಪಾಟಿ ಹಿಡಿದ ಮೊದಲ ಜೀವ. ಕಿಟಕಿಯಿಂದ ಕೇಳಿಯೇ ಹದಿನೈದರ ಮಗ್ಗಿ ತನಕ ಬಂದಿದ್ದಳು. ಏಳನೇ ಇಯತ್ತೆ ಪಾಸಾದರೆ ಮಾಸ್ತರತಿ ಆಗಬಹುದು ಎಂದು ಯಾರೋ ಹೇಳಿದ್ದರು. ಅಂದಿನಿಂದ ದುರಗವ್ವ ಆ ಒಂದು ಮಾತನ್ನು ಬಿಗಿಯಾಗಿ ಹಿಡಿದಿದ್ದಳು: ಹುಡುಗಿಯ ಕೈಗೆ ಕಲ್ಲು ಬರಬಾರದು.

ಅಂದಪ್ಪ ಸಾವಕಾರ ಗದಗಿನ ವ್ಯಾಪಾರಿಗಳ ಮನೆ ನೋಡಿ ಬಂದು ಶಾಲೆಯ ನೆಲಗಳನ್ನು ತಾನೇ ಆರಿಸಿದ. ಒಳಗೆ ಕೆಂಪು, ಕನ್ನಡಿಯಂಥ ನುಣುಪು. ಗೋಡೆಗುಂಟ ನಾಲ್ಕು ಬೆರಳು ಅಗಲದ ಕರಿ ಅಂಚು. ಮಾಸ್ತರರ ಮೇಜಿನ ಮುಂದೆ ಹಳದಿ ಕಮಲ. ವರಾಂಡ ಮಾತ್ರ ಬಣ್ಣವಿಲ್ಲದ ಬೂದು ಸಿಮೆಂಟು, ಹಸಿ ಇದ್ದಾಗ ಕಸಬರಿಗೆ ಎಳೆದು ಒರಟಾಗಿ, ಖರಬರಾ ಬಿಡುವುದು. ಮಾಶಾಕ ತಲೆಯಾಡಿಸಿದ. ಕಸುಬಿನ ಲೆಕ್ಕದಲ್ಲಿ ಅದು ಸರಿಯೇ ಇತ್ತು. ಮಳೆಯ ಹನಿ ಹೊಡೆಯುವ ಜಾಗ ನುಣ್ಣಗಿದ್ದರೆ ಕಾಲು ಜಾರುತ್ತದೆ, ಇದು ಗೌಂಡಿಗಿಂತ ಚೆನ್ನಾಗಿ ದುರಗವ್ವನಿಗೇ ಗೊತ್ತು. ಆದರೆ ಆ ವರಾಂಡದಲ್ಲಿ ಯಾರು ಕೂಡುತ್ತಾರೆ ಎಂಬುದೂ ಗೊತ್ತಿತ್ತು. ಅದನ್ನು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಸಾವಕಾರ ಹೋದ ಮೇಲೆ ಆಕೆ ಕೇಳಿದಳು. "ಮಾಶಾಕ ಮಾಮಾ, ಒಳಗಿನವರ ಕುಂಡಿಗೆ ಕನ್ನಡಿ, ನಮ್ಮ ಹುಡುಗರ ಕುಂಡಿಗೆ ಕಸಬರಗಿ ಗೀರೇನು?"

"ಲೇ ದುರಗಿ, ನೀರು ಬಿದ್ರ ನುಣ್ಣನ ನೆಲಾ ಹಾವಿನ ಬೆನ್ನಾಗತೈತಿ. ನಿನಗ ನಾ ಕಲಸಬೇಕೇನು?"

"ಗೊತ್ತೈತಿ. ಆ ಗೀರಿನ ಮ್ಯಾಲೆ ಕುಂತು ಮಗ್ಗಿ ಹೇಳೋರು ನೀನಲ್ಲ, ನಾನಲ್ಲ."

ವರಾಂಡ ಹಾಕಿದ್ದು ಸಂತೆಯ ದಿನ. ಮಾಶಾಕ ಸಿಮೆಂಟ್ ಹರಡಿ, ಕಸಬರಿಗೆ ಎಳೆದು, ಎತ್ತಿನ ಹಗ್ಗ ಕೊಳ್ಳಲು ಲಕ್ಷ್ಮೇಶ್ವರಕ್ಕೆ ಹೋದ. ಹೋಗುವಾಗ, ಬಿಗಿಯುವ ತನಕ ನಾಯಿ ಹಾಯದಂತೆ ನೋಡಿಕೋ ಎಂದು ದುರಗವ್ವನಿಗೆ ಹೇಳಿದ. ಆಕೆ ಅವನ ಬೆನ್ನು ಮರೆಯಾಗುವ ತನಕ ನೋಡಿದಳು. ಆಮೇಲೆ ಚೀಲದ ತಳಕ್ಕೆ ಉಳಿದಿದ್ದ ಕೆಂಪು ಪುಡಿಯನ್ನು ಒಂದಿಷ್ಟು ಸಿಮೆಂಟಿನಲ್ಲಿ ಕಲಸಿ, ಗೀರುಗಳ ಮೇಲೆ ತೆಳ್ಳಗೆ ಉದುರಿಸಿ, ಕಲ್ಲು ತೆಗೆದಳು. ಸೂರ್ಯ ಇಳಿಯುವ ತನಕ ಒಬ್ಬಳೇ ತಿಕ್ಕಿದಳು. ಮಗಳನ್ನು ಒಳಗೆ ಕೂಡಿಸಿರಿ ಎಂದು ಕೇಳುವ ಬಾಯಿ ಆಕೆಗೆ ಇರಲಿಲ್ಲ. ಆದ್ದರಿಂದ ಹೊರಗನ್ನೇ ಒಳಗಿನ ಹಾಗೆ ಮಾಡಿದಳು. ಜೀವಮಾನದಲ್ಲಿ ಆಕೆ ತಿಳಿದೂ ತಿಳಿದೂ ಮಾಡಿದ ತಪ್ಪು ಕೆಲಸ ಇದೊಂದೇ, ಮತ್ತು ಅದಕ್ಕಿಂತ ಚೆಂದದ ನೆಲವನ್ನು ಆಕೆ ಎಂದೂ ಮಾಡಿರಲಿಲ್ಲ.

ಮರುದಿನ ಮಾಶಾಕ ನೋಡಿ ಹಣೆ ಚಚ್ಚಿಕೊಂಡ. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅಂದಪ್ಪ ಸಾವಕಾರ ಬಂದ. ಕೋಲಿನಿಂದ ಮುಟ್ಟಿ ನೋಡಿದ, ಬಗ್ಗಿ ತನ್ನ ತಲೆಯ ರುಮಾಲು ಕಾಣುತ್ತದೋ ಎಂದು ನೋಡಿದ, ನಕ್ಕ. ಇದ್ದ ಸಾಮಾನಿನಲ್ಲೇ ಹೊರಗೂ ಒಳಗಿನ ಹಾಗೆ ಮಾಡಿದಿಯಲ್ಲ, ಭಲೇ ಗೌಂಡಿ ಎಂದ. ಮಾಶಾಕ ದುರಗವ್ವನ ಕಡೆ ನೋಡಿದ, ಆಮೇಲೆ ನೆಲ ನೋಡಿದ, ಭಲೇ ಅನ್ನಿಸಿಕೊಂಡು ಕೈ ಮುಗಿದ.

ಎರಡು ತಿಂಗಳು ಆ ವರಾಂಡದಲ್ಲಿ ಕೇರಿಯ ಏಳು ಮಕ್ಕಳು ಕುಳಿತರು. ಶಂಕ್ರೆವ್ವ ಮನೆಗೆ ಬಂದು, ಅವ್ವಾ ಕುಂತರ ತಂಪಾಗತೈತಿ, ನೆಲದ ಮ್ಯಾಲೆ ಬಳಪದಿಂದ ಬರದರೂ ಅಕ್ಷರ ದುಂಡಗೆ ಬೀಳತಾವು ಎಂದಳಂತೆ. ದುರಗವ್ವ ಅಂದು ಗೋದಿ ಹುಗ್ಗಿ ಮಾಡಿದಳು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಕೇರಿಯವರು ಇದೇನವ್ವ ಎಂದು ಕೇಳಿದರು.

ಆಗಸ್ಟ್ ಹದಿನೈದು ಬಂತು. ಬೆಳಗಿನಿಂದ ಜಿಟಿಜಿಟಿ ಮಳೆ. ಝೇಂಡಾ ಏರಿಸಿ, ಸ್ವಾತಂತ್ರ್ಯ ಎಲ್ಲರದು, ಮೇಲು ಕೀಳು ಮುಗಿಯಿತು ಎಂದು ಭಾಷಣ ಮಾಡಿದ ಅಂದಪ್ಪ ಸಾವಕಾರ ಹೊಸ ಜೋಡು ಮೆಟ್ಟಿಕೊಂಡು ವರಾಂಡ ಹತ್ತಿದ. ಎರಡು ಹೆಜ್ಜೆ. ಕಾಲು ಹಾರಿ ಬೆನ್ನ ಮೇಲೆ ಬಿದ್ದ, ಬಲಗೈ ಮುರಿಯಿತು. ಹತ್ತಿರವಿದ್ದ ಶಂಕ್ರೆವ್ವ ಓಡಿ ಬಂದು ಎಬ್ಬಿಸಲು ಅವನ ಎಡಗೈ ಹಿಡಿದಳು. ಮೂಳೆ ಮುರಿದ ನೋವಿನಲ್ಲಿಯೂ ಆ ಮನುಷ್ಯ ಮೊದಲು ಮಾಡಿದ ಕೆಲಸ, ಆ ಕೈಯನ್ನು ಅವಳಿಂದ ಕಿತ್ತುಕೊಂಡದ್ದು. ಮೇಲು ಕೀಳು ಮುಗಿಯಿತು ಎಂದು ಹೇಳಿ ಹತ್ತು ನಿಮಿಷವೂ ಆಗಿರಲಿಲ್ಲ.

ಎಂಟು ದಿನಕ್ಕೆ ಬೇವಿನ ಗಿಡದ ಕೆಳಗೆ ಪಂಚಾಯ್ತಿ ಕೂಡಿತು. ಮಾಶಾಕನನ್ನು ಕೇಳಿದರು. ಅವನಿಗೂ ಹೊಟ್ಟೆ ಇತ್ತು, ಮುಂದಿನ ಚಾವಡಿ ಕೆಲಸ ಸಾವಕಾರನ ಕೈಯಲ್ಲಿತ್ತು. ತಾನು ಖರಬರಾ ಬಿಟ್ಟು ಸಂತೆಗೆ ಹೋಗಿದ್ದೆ, ಉಳಿದದ್ದು ಗೊತ್ತಿಲ್ಲ ಎಂದ. ಎಲ್ಲರೂ ದುರಗವ್ವನ ಕಡೆ ತಿರುಗಿದರು. ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದ ಸಾವಕಾರ ಕೇಳಿದ.

"ನಿನಗ ಯಾರು ಹೇಳಿದ್ರು ತಿಕ್ಕು ಅಂತ?"

"ಯಾರೂ ಹೇಳಿಲ್ರಿ ಧಣ್ಯಾರ. ಹುಡುಗರು ಕುಂಡ್ರತಾವಂತ ತಿಕ್ಕಿದೆ."

"ಹುಡುಗರು ಎಲ್ಲೆ ಕುಂಡ್ರತಾವೋ ಅಲ್ಲೆ ಕುಂಡ್ರತಾವು. ನಿನಗ್ಯಾಕ ಬೇಕಿತ್ತು ಈ ಉಸಾಬರಿ?"

ಮೆಚ್ಚಿ ಭಲೇ ಅಂದವರು ನೀವೇ ಅಲ್ಲವೇ ಎಂದು ಆಕೆ ಕೇಳಲಿಲ್ಲ. ಯಾರೂ ಕೇಳಲಿಲ್ಲ. ಶಾಲೆಯ ಶ್ರೀಪಾದ ಮಾಸ್ತರರು ಅಲ್ಲೇ ಕುಳಿತಿದ್ದರು. ಕೆಟ್ಟವರಲ್ಲ. ಶಂಕ್ರೆವ್ವನ ಪಾಟಿಯನ್ನು ಕಿಟಕಿಯಿಂದ ಇಸಿದುಕೊಂಡು ತಿದ್ದುತ್ತಿದ್ದವರು. ಅವರ ಶಾಲೆಯ ಗೋಡೆಗೆ, ಅಸ್ಪೃಶ್ಯತೆ ಅಪರಾಧ ಎಂಬ ಸರಕಾರದ ಕಾಗದ ಅಂಟಿಸಿತ್ತು, ಅಂಟಿಸಿದವರೂ ಅವರೇ. ಹೊರಗೆ ಜಾರುತ್ತದೆಂದರೆ ಏಳೂ ಮಕ್ಕಳನ್ನು ಒಳಗೆ ಕೂಡಿಸಿದರಾಯಿತು ಎಂದು ಹೇಳಲು ಒಂದು ಉಸಿರು ಸಾಕಿತ್ತು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಕೆಟ್ಟವರ ಮೇಲಿನ ಸಿಟ್ಟು ಹೊತ್ತು ಹೋದಂತೆ ಇಳಿಯುತ್ತದೆ. ಇಂಥ ಒಳ್ಳೆಯವರ ಮೇಲಿನ ಸಿಟ್ಟು ಇಳಿಯುವುದಿಲ್ಲ.

ತೀರ್ಮಾನವಾಯಿತು. ತಿಕ್ಕಿದವಳೇ ವರಾಂಡವನ್ನು ಕಲ್ಲು ಕಡಿಯುವ ಚಾಣದಿಂದ ಹೊಡೆದು ಖರಬರಾ ಮಾಡಬೇಕು. ಅಲ್ಲಿಯ ತನಕ ಕೇರಿಯ ಮಕ್ಕಳು ಶಾಲೆಗೆ ಬರುವುದು ಬೇಡ.

ಶಾಲೆ ತಪ್ಪಬಾರದೆಂದು ದುರಗವ್ವ ಮರುದಿನವೇ ಕುಳಿತಳು. ಒಣಗಿದ ಸಿಮೆಂಟು, ತಾನೇ ಗಟ್ಟಿಗೊಳಿಸಿದ್ದು, ಸುಲಭಕ್ಕೆ ಬಿಡಲಿಲ್ಲ. ಬೆರಳಗಲಕ್ಕೊಂದು ಏಟು. ಒಳಗೆ ಶ್ರೀಪಾದ ಮಾಸ್ತರರು ಪಾಠ ಹೇಳುತ್ತಿದ್ದರು, ಸಪ್ಪಳಕ್ಕೆ ಮಕ್ಕಳಿಗೆ ಕೇಳಿಸುವುದಿಲ್ಲವೆಂದು ಬಾಗಿಲು ಮುಚ್ಚಿಸಿದರು. ಚೂರು ಸಿಡಿದು ಹುಬ್ಬಿನ ಮೇಲೆ ಗಾಯವಾಯಿತು. ಅರಿವೆ ಕಟ್ಟಿಕೊಂಡು ಮುಂದುವರಿಸಿದಳು. ಮಾಶಾಕ ಒಂದು ಮಧ್ಯಾಹ್ನ ಬಂದು, ಕೊಡು ನಾ ಹೊಡೀತೀನಿ ಎಂದು ಕೈ ಚಾಚಿದ. ಆಕೆ ಚಾಣ ಕೊಡಲಿಲ್ಲ, ಮುಂದಿನ ಏಟು ಹಾಕಿದಳು. ಒಂಬತ್ತು ದಿನ ಹಿಡಿಯಿತು.

ಹತ್ತನೆಯ ದಿನ ಶಂಕ್ರೆವ್ವ ಹೋಗಿ ಕುಳಿತಳು. ಅಲ್ಲಿಂದ ಮೂರನೆಯ ದಿನ ಪಾಟಿಯನ್ನು ಮನೆಗೆ ತಂದು ಮೂಲೆಗಿಟ್ಟಳು. ದುರಗವ್ವ ಮೊದಲು ರಮಿಸಿದಳು, ಆಮೇಲೆ ಹೊಡೆದಳು. ಹುಡುಗಿ ಅಳಲಿಲ್ಲ.

"ಚುಚ್ಚತೈತೇನು? ಗೋಣಿಚೀಲ ಮಡಚಿ ಕೊಡತೀನಿ, ಹಾಸಿಕೊಂಡು ಕುಂಡ್ರು."

"ಚುಚ್ಚಿದ್ರ ಚುಚ್ಚಲಿ. ನೀ ಒಡದ ಜಾಗಾ ಅದು. ಅದರ ಮ್ಯಾಲೆ ನಾ ಕುಂಡ್ರೂದಿಲ್ಲ."

ಮೊದಲಿನಿಂದಲೂ ಅದು ಖರಬರಾ ಇದ್ದಿದ್ದರೆ ಹುಡುಗಿ ಶಾಲೆ ಬಿಡುತ್ತಿರಲಿಲ್ಲ ಎಂದು ಮಾಶಾಕ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ. ಊರಲ್ಲಿ ಈಗಲೂ ಹಾಗೇ ಹೇಳುತ್ತಾರೆ, ತಪ್ಪು ನೆಲದ್ದು, ತಿಕ್ಕಿದವಳದ್ದು ಎಂದು. ಬಾಗಿಲಿನ ಒಳಗೆ ಅಷ್ಟು ಜಾಗ ಇತ್ತಲ್ಲ ಎಂದರೆ ಮಾತು ಬದಲಿಸುತ್ತಾರೆ.

ಐದು ವರ್ಷ ಕಳೆಯಿತು. ಮುಂಬೈ ಸರಕಾರ ಹೋಗಿ ಕನ್ನಡದವರೆಲ್ಲ ಒಂದಾದರು, ನವೆಂಬರಿನಲ್ಲಿ ಶಾಲೆಗಳಲ್ಲಿ ಪೇಢೆ ಹಂಚಿದರು. ಶ್ರೀಪಾದ ಮಾಸ್ತರರಿಗೆ ವರ್ಗವಾಗಿ, ಕಾಯ್ದೆಗೆ ಅಂಜುವ ಹೊಸ ಮಾಸ್ತರ ಬಂದ. ಬಂದ ವಾರದಲ್ಲೇ ಕೇರಿಯ ಮಕ್ಕಳನ್ನು ಒಳಗೆ ಕರೆದು ಕೂಡಿಸಿದ. ಬಿಟ್ಟವರೂ ಬರಬಹುದು ಎಂದು ಹೇಳಿ ಕಳಿಸಿದ.

ಖಬರು ತಿಳಿದು ದುರಗವ್ವ ಲಕ್ಷ್ಮೇಶ್ವರಕ್ಕೆ ನಡೆದುಕೊಂಡೇ ಹೋದಳು. ಹದಿಮೂರು ವರ್ಷದ ಶಂಕ್ರೆವ್ವ ಅಲ್ಲಿ ಅರಿವೆ ವ್ಯಾಪಾರಿಯೊಬ್ಬನ ಪಡಸಾಲೆಯಲ್ಲಿ ಕಲ್ಲು ಹಿಡಿದು ಮೊಣಕಾಲೂರಿದ್ದಳು. ಕೆಂಪು ನೆಲ, ಅರ್ಧ ಹೊಳೆಯುತ್ತಿತ್ತು, ಅರ್ಧ ಮಂಕಾಗಿತ್ತು. ಅವ್ವ ಬಾಗಿಲಲ್ಲಿ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಒಳಗ ಕುಂಡ್ರಸತಾರಂತ, ಹೆಸರು ಇನ್ನೂ ಹಾಜರಿ ಪಟದಾಗ ಐತಂತ, ನಾಳೆನ ಹೋಗೂಣು ಎಂದಳು.

ಶಂಕ್ರೆವ್ವ ತಲೆಯೆತ್ತಲಿಲ್ಲ. ಒಂದು ಗೇಣು ಹಿಂದೆ ಸರಿದಳು.

"ಆಮ್ಯಾಲೆ ಮಾತಾಡೂಣು ಬೇ ಅವ್ವಾ. ಸಿಮೆಂಟ್ ಬಿಗಿಯಾಕ ಹತ್ತೇತಿ."