ನಾಲ್ಕು ಬೆರಳಿನ ಅಂಗೈ

ಗಾರೆ ಕೆಲಸದ ಧರೆಪ್ಪನ ಬಳಿ ಸತ್ತ ಅಪ್ಪನ ಫೋಟೋ ಒಂದೂ ಇರಲಿಲ್ಲ. ಅಪ್ಪ ಭೀಮಶ್ಯಾನಿಂದ ಉಳಿದದ್ದು ಒಂದೇ ಒಂದು, ಅದೂ ಕಂಡವರ ಗೋಡೆಯ ಮೇಲೆ. ತಾಳಿಕೋಟೆಯಾಚೆಗಿನ ಹಳೇ ಬಂಗಲೆಗೆ ಭೀಮಶ್ಯಾ ಹರೆಯದಲ್ಲಿ ಗಚ್ಚು ಮೆತ್ತಿದ್ದ. ಗಚ್ಚಿನ ಸುಣ್ಣ, ಮರಳು ಅರೆಯುವ ಕಲ್ಲಿನ ಗಾಣಕ್ಕೆ ಕಿರುಬೆರಳನ್ನೂ ಕೊಟ್ಟಿದ್ದ. ಊರ ಹೊರಗಿನ ಕೇರಿಯವನು ನೋಡಿ, ಒಡೆಯರು ಬಂದು ನಿಂತ ಮೇಲೆ ಆ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಅದಕ್ಕೇ ಕಡೆಯ ದಿನ ಗಚ್ಚು ಹಸಿ ಇರುವಾಗಲೇ ಪಡಸಾಲೆಯಲ್ಲಿ ಅಂಗೈ ಒತ್ತಿ ಬಂದಿದ್ದ. ಮುಗಿಸಿದ ಮನೆಯಲ್ಲಿ ಕೈ ಬಿಟ್ಟು ಬರುವುದು ಅವರ ಮನೆತನದ ರೂಢಿ.

ಈಗ ಆ ಬಂಗಲೆಯನ್ನು ಸಂಗನಬಸು ಸಾವಕಾರ ಕೊಂಡು ಹೊಸ ಕಾಲದ ಮನೆ ಮಾಡಲು ಹೊರಟ. ಗಾಜಿನ ಬಾಗಿಲು, ಏಸಿ, ತೆರೆದ ಅಡುಗೆಮನೆ, ಏನುಂಟು ಏನಿಲ್ಲ! ಹಳೇ ಗೋಡೆಗೆ ಮಾತ್ರ ಗಚ್ಚೇ ಆಗಬೇಕಂತೆ. ಆ ಕೆಲಸ ಬಲ್ಲವನು ಸುತ್ತಲಲ್ಲಿ ಧರೆಪ್ಪ ಒಬ್ಬನೇ. ಹಳೇ ಬಣ್ಣ ಕೆರೆಯುವಾಗ ಅಂಗೈ ಕಂಡಿತು, ನಾಲ್ಕೇ ಬೆರಳು. ಅರವತ್ತು ದಾಟಿದ ಮನುಷ್ಯ ಗೋಡೆಗೆ ಕೆನ್ನೆ ಹಚ್ಚಿ ಅತ್ತುಬಿಟ್ಟ.

"ಏ, ಅದನ್ನ ಕೆತ್ತಿ ಒಗಿ. ಅಲ್ಲಿ ಟಿವಿ ಬರತೈತಿ," ಅಂದ ಸಾವಕಾರ.

"ನಮ್ಮಪ್ಪನ ಕೈರಿ ಇದು. ನಿಮ್ಮ ಕಾಲಿಗೆ ಬೀಳ್ತೇನಿ, ಇದೊಂದು ಬಿಡ್ರಿ. ನಮ್ಮಾಕಿಗೆ ಒಮ್ಮಿ ತೋರಸ್ತೇನಿ."

"ಆತು ಬಿಡು. ವಾಸ್ತುಶಾಂತಿ ದಿನ ಕರ್ಕೊಂಡು ಬಾ."

ಹೋದ ಧರೆಪ್ಪ, ಹೊಸ ರುಮಾಲು ಸುತ್ತಿ, ಹೆಂಡತಿ ಸೀತವ್ವನನ್ನು ಕರೆದುಕೊಂಡು. ಅಂಗೈ ಮೇಲೆ ಗಾಜಿನ ಕಟ್ಟು, ಅದಕ್ಕೊಂದು ದೀಪ! ಅವನ ಎದೆ ತುಂಬಿ ಬಂತು. ಅಷ್ಟರಲ್ಲಿ ಸಾವಕಾರ ಬೀಗರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ತಾಳಿಕೋಟಿ ಯುದ್ಧದ ಕಾಲದ್ದರಿ ಇದು. ಯಾರೋ ಸರದಾರಂದು. ಕತ್ತಿ ಏಟಿಗೆ ಬೆರಳು ಹೋಗಿತ್ತಂತ."

ಬಂಗಲೆಗೇ ನೂರು ವರ್ಷ ತುಂಬಿಲ್ಲ, ಸುಳ್ಳಿಗೂ ಒಂದು ಮಿತಿ ಬೇಡವೇ! ಬೀಗರು ಕೈಮುಗಿದು ಫೋಟೋ ಹೊಡೆದುಕೊಂಡರು.

"ಅದು ನಮ್ಮ ಮಾವನ ಕೈರಿ," ಎಂದಳು ಸೀತವ್ವ, ಎಲ್ಲರಿಗೂ ಕೇಳುವಂತೆ.

ಬೀಗರು ನಕ್ಕರು. ಸಾವಕಾರ ನಗಲಿಲ್ಲ. "ಗ್ಲಾಸ್ ಮುಟ್ಟಬ್ಯಾಡ್ರಿ. ನಿಮಗ ಊಟ ಹಿತ್ತಲದಾಗ ಐತಿ, ಹೋಗ್ರಿ."

ಇಬ್ಬರೂ ಉಣ್ಣದೆ ಹೊರಬಿದ್ದರು. ಬಸ್‌ಸ್ಟ್ಯಾಂಡಿನವರೆಗೂ ಧರೆಪ್ಪ ಹೊಸ ರುಮಾಲು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡೇ ನಡೆದ.

"ಇರ್ಲಿ ಬಿಡ್ರಿ. ಕೈಯರ ಉಳದೈತಲ್ಲ," ಅಂದಳು ಸೀತವ್ವ.

"ಏನ್ ಉಳದೈತಿ? ಅಂವಾ ಕೆತ್ತಿ ಒಗಿ ಅಂದಾಗ ಕೆತ್ತಿ ಒಗದುಬಿಟ್ಟಿದ್ರ, ಅಪ್ಪ ನಮ್ಮಪ್ಪನಾಗೇ ಉಳೀತಿದ್ದ. ನಾನ ಕಾಲಿಗೆ ಬಿದ್ದು, ಅಪ್ಪನ್ನ ಅವರಿಗೆ ಕೊಟ್ಟುಬಿಟ್ಟೆ."