ಪದ್ಮತ್ತೆಯೂ ಒಂದು ಅನ್ಯಸ್ವರವೂ

ಮೊನ್ನೆ ಅಡುಗೆಮನೆಯಿಂದ ಜೇನುಮೇಣ ಕರಗುವ ವಾಸನೆ ಬಂತು. ನನ್ನ ಒಡೆದ ಹಿಮ್ಮಡಿಗೆ ಹಚ್ಚಲೆಂದು ಸೊಸೆ ಕೊಬ್ಬರಿ ಎಣ್ಣೆಗೆ ಮೇಣ ಹಾಕಿ ಮುಲಾಮು ಕಾಯಿಸುತ್ತಿದ್ದಳು. ಹಿಮ್ಮಡಿಯ ಯೋಗಕ್ಷೇಮ ಹಾಗಿರಲಿ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಜಯನಗರದ ಮೂರನೇ ಬ್ಲಾಕಿನ ನಮ್ಮ ಹಳೇ ಮನೆಯ ಹಜಾರದಲ್ಲಿದ್ದೆ. ಅಲ್ಲಿ ಕಿಟಕಿಯ ಪಕ್ಕ ಚಾಪೆ ಹಾಸಿಕೊಂಡು ನನ್ನ ಸೋದರತ್ತೆ ಪದ್ಮತ್ತೆ ಕೂತಿದ್ದಾರೆ. ಮುಂದೆ ವೀಣೆ. ವೀಣೆಯ ಹಿತ್ತಾಳೆ ಮೆಟ್ಟುಗಳು ಮೇಣದ ಮೇಲೆ ನಿಂತಿರುತ್ತವೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಬೇಸಗೆಯಲ್ಲಿ ಮೇಣ ಮೆತ್ತಗಾಗಿ ಮೆಟ್ಟುಗಳು ಚೂರು ಚೂರು ಜಾರುತ್ತವೆ. ಅತ್ತೆ ಪ್ರತಿಯೊಂದನ್ನೂ ಮೀಟಿ, ಕಿವಿ ಕೊಟ್ಟು ಕೇಳಿ, ಹೆಬ್ಬೆರಳಿನಿಂದ ಒತ್ತಿ ಅದರ ಜಾಗಕ್ಕೆ ತರುತ್ತಿದ್ದರು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಪಾತ್ರೆ ಸದ್ದು ಮಾಡುವ ಹಾಗಿರಲಿಲ್ಲ.

ಅರವತ್ತರ ದಶಕದ ನಡುಗಾಲದ ಮಾತಿದು. ನಮ್ಮ ರಸ್ತೆಯಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬಸವನಗುಡಿಯ ಬಾಡಿಗೆ ಮನೆ ಬಿಟ್ಟು ಅಪ್ಪ ಇಲ್ಲಿ ಮನೆ ಕಟ್ಟಿಸಿದಾಗ ತಮ್ಮ ಅಕ್ಕನನ್ನೂ ಜೊತೆಗೆ ಕರೆತಂದಿದ್ದರು. ಗಂಡನನ್ನು ಚಿಕ್ಕ ವಯಸ್ಸಿಗೇ ಕಳೆದುಕೊಂಡ ಪದ್ಮತ್ತೆ ವೀಣೆ ಪಾಠ ಹೇಳಿಕೊಂಡು ಯಾರಿಗೂ ತಲೆ ತಗ್ಗಿಸದೆ ಬದುಕಿದವರು. ಅಪ್ಪನಿಗೆ ಸರ್ಕಾರದಿಂದ ಹಿಡಿದು ಸೊಪ್ಪಿನ ಕಟ್ಟಿನವರೆಗೆ ಎಲ್ಲದರ ಬಗ್ಗೆಯೂ ಖಚಿತವಾದ ಅಭಿಪ್ರಾಯವಿತ್ತು, ಸಂಗೀತವೊಂದನ್ನು ಬಿಟ್ಟು. ಅದರಲ್ಲಿ ಅಕ್ಕ ಹೇಳಿದ್ದೇ ಹೇಳಿದ್ದು.

ಇಂಥ ಮನೆಗೆ ನಾನು ಒಂದು ಗಿಟಾರ್ ತಂದೆ. ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿ ನನ್ನ ಜೊತೆ ಗುಮಾಸ್ತನಾಗಿದ್ದ ಸ್ನೇಹಿತನೊಬ್ಬ ವರ್ಗವಾಗಿ ಹೋಗುವಾಗ, ಬೇಕಾದರೆ ಇಟ್ಟುಕೋ, ಬೇಡವಾದರೆ ತಿರುಗಿ ಕಳಿಸು ಎಂದು ಕೊಟ್ಟದ್ದು. ಆರು ವರ್ಷ ಅತ್ತೆಯ ಹತ್ತಿರ ವೀಣೆ ಕಲಿತ ಕೈ; ಗಿಟಾರು ಬೇಗ ಒಲಿಯಿತು. ಜಂಬ ಅನ್ನಿ ಬೇಕಾದರೆ. ಆರು ತಿಂಗಳಲ್ಲಿ ನಾನು ವಿಕ್ಟರ್ ಅವರ ವಾದ್ಯಮೇಳ ಸೇರಿದ್ದೆ. ವಿಕ್ಟರ್ ನಮ್ಮ ಕಾರ್ಖಾನೆಯ ಫೋರ್‌ಮನ್, ಭೈರಸಂದ್ರದಲ್ಲಿ ಮನೆ, ಅಕಾರ್ಡಿಯನ್ ನುಡಿಸುವುದರಲ್ಲಿ ಎತ್ತಿದ ಕೈ.

ಅಪ್ಪ ಆ ವಾದ್ಯವನ್ನು ಹಾವು ನೋಡಿದ ಹಾಗೆ ನೋಡಿದರು. "ಅಕ್ಕ, ಇದು ಮನೇಲಿರ್ಬೇಕೋ ಬೇಡ್ವೋ, ನೀನೇ ಹೇಳ್ಬಿಡು" ಎಂದರು.

"ನುಡಿಸೋದು ಕೇಳ್ದೆ ಹ್ಯಾಗೆ ಹೇಳ್ಲಿ?" ಎಂದರು ಅತ್ತೆ. "ಬಡಾವಣೆ ಸಂಘದ ವಾರ್ಷಿಕೋತ್ಸವದಲ್ಲಿ ನುಡಿಸ್ತಾನಂತಲ್ಲ, ಅಲ್ಲೀವರ್ಗೂ ಇರ್ಲಿ. ಕೇಳಿ ಹೇಳ್ತೀನಿ. ಸರಿಯಿಲ್ಲದಿದ್ರೆ ಮಾರನೇ ದಿನವೇ ವಾಪಸ್ ಕಳಿಸು."

ಹೀಗೆ ನನ್ನ ಗಿಟಾರಿನ ಹಣೆಬರಹ ಒಂದು ಸಂಜೆಗೆ ನಿಗದಿಯಾಯಿತು.

ವಿಕ್ಟರ್ ತಾವೇ ಕಟ್ಟಿದ ಒಂದು ಮಟ್ಟು ಇತ್ತು, ಎ ಮೈನರ್ ಎಂಬ ಪಾಶ್ಚಾತ್ಯ ಸ್ವರಶ್ರೇಣಿಯಲ್ಲಿ. ಅದರ ನಡುವೆ ನಾಲ್ಕು ಸಾಲಿನಷ್ಟು ಹೊತ್ತು ಗಿಟಾರಿನವನೊಬ್ಬನೇ ತನ್ನ ಮನಸ್ಸಿಗೆ ಬಂದಂತೆ ನುಡಿಸಬೇಕು. ಅಕಾರ್ಡಿಯನ್ ಕೆಳಗೆ ಕಾರ್ಡುಗಳನ್ನಷ್ಟೇ ಹಿಡಿದಿರುತ್ತದೆ. ಕಾರ್ಡು ಎಂದರೆ ಗಾಬರಿಯಾಗಬೇಡಿ. ಮೂರು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಅದೇ ಕಾರ್ಡು. ಎ ಮೈನರ್, ಅಲ್ಲಿಂದ ಡಿ ಮೈನರ್, ಸಾಲಿನ ಕೊನೆಗೆ ಇ ಮೇಜರ್, ಮತ್ತೆ ಮನೆಗೆ, ಅಂದರೆ ಎ ಮೈನರ್‌ಗೆ. ಅವುಗಳ ಮೇಲೆ ನಾನು ಯಾವ ಸ್ವರಗಳನ್ನು ಆರಿಸಿಕೊಳ್ಳಬೇಕು? ನಾನು ವೀಣೆಯ ಮನೆಯ ಹುಡುಗ, ಎರಡು ನಿಮಿಷದಲ್ಲಿ ತೀರ್ಮಾನಿಸಿಬಿಟ್ಟೆ: ಇದು ನಮ್ಮ ನಟಭೈರವಿ ರಾಗ. ಏಳು ಸ್ವರ ಕೈಗೆ ಸಿಕ್ಕವು, ಇನ್ನೇನು ಬೇಕು?

ಅತ್ತೆಗೂ ಇದು ಒಪ್ಪಿಗೆಯಾಯಿತು. ರಾಗವಾದರೆ ಅವರ ಸೀಮೆಗೆ ಸೇರಿದ್ದು. ದಿನಾ ಸಾಯಂಕಾಲ ನಾನು ಗಿಟಾರ್ ಹಿಡಿದು ಕೂತರೆ ಅವರು ಪಕ್ಕದಲ್ಲಿ ಶ್ರುತಿಪೆಟ್ಟಿಗೆಯ ತಿದಿ ಒತ್ತುತ್ತಾ ಕೂರುತ್ತಿದ್ದರು. ಸಾ-ಪಾ ಒಂದೇ ಸಮನೆ ಮೊಳಗುತ್ತಿತ್ತು. ಅದರ ಮೇಲೆ ನನ್ನ ನಟಭೈರವಿ ಎಷ್ಟು ಚೆನ್ನಾಗಿ ಕೇಳಿಸುತ್ತಿತ್ತೆಂದರೆ, ಎದುರುಮನೆಯವರು ಗೇಟಿನ ಹತ್ತಿರ ನಿಂತು ಕೇಳಿಕೊಂಡು ಹೋಗುತ್ತಿದ್ದರು. "ರಾಗದಾಚೆಯ ಒಂದು ಅನ್ಯಸ್ವರ ಬಿದ್ದಿಲ್ಲ ನೋಡು" ಎಂದು ಅತ್ತೆ ಮೆಚ್ಚುತ್ತಿದ್ದರು. ನನ್ನ ತಲೆ ತಾರಸಿಗೆ ತಾಗುತ್ತಿತ್ತು.

ಭಾನುವಾರ ಭೈರಸಂದ್ರದಲ್ಲಿ ಅದನ್ನೇ ನುಡಿಸಿದೆ. ಮೊದಲ ಸಾಲಿನ ಕೊನೆಗೆ ಬರುವಷ್ಟರಲ್ಲಿ ವಿಕ್ಟರ್ ಅಕಾರ್ಡಿಯನ್ ನಿಲ್ಲಿಸಿದರು.

"ಗುರು, ನಾನು ಎಲ್ಲಿಗೆ ಹೋಗ್ತಾ ಇದೀನಿ ಅಂತ ಸ್ವಲ್ಪನಾದ್ರೂ ಕೇಳಿಸ್ಕೋತಾ ಇದೀಯಾ?"

"ರಾಗ ಸರಿಯಾಗಿದೆ ಸಾರ್" ಎಂದೆ.

"ನಿನ್ನ ರಾಗ ಸರಿ ಇದೆ. ನೀನು ನಾನಿಲ್ಲ ಅನ್ಕೊಂಡು ನುಡಿಸ್ತಿದೀಯ, ಅದು ಸರಿ ಇಲ್ಲ" ಎಂದರು ವಿಕ್ಟರ್. ಇ ಮೇಜರ್ ಹಿಡಿದು, ಅದರೊಳಗಿನ ಮೂರು ಸ್ವರಗಳನ್ನು ಬಿಡಿಬಿಡಿಯಾಗಿ ಕೇಳಿಸಿದರು. ನಡುವಿನದು ನಾನು ನುಡಿಸುತ್ತಿದ್ದ ನಿಷಾದಕ್ಕಿಂತ, ಅಂದರೆ ನಿ ಸ್ವರಕ್ಕಿಂತ, ಒಂದೇ ಒಂದು ಮೆಟ್ಟು ಮೇಲಿತ್ತು. ನನ್ನದೂ ಅದೂ ಒಟ್ಟಿಗೆ ಬಿದ್ದಾಗ ಹಲ್ಲಿನಲ್ಲಿ ಕಲ್ಲು ಸಿಕ್ಕ ಹಾಗಾಗುತ್ತಿತ್ತು. "ಈ ಕಾರ್ಡ್ ಇರೋವರ್ಗೂ ನೀನೂ ಒಂದು ಮೆಟ್ಟು ಮೇಲೆ ಬಾ. ಕಾರ್ಡ್ ಬದಲಾಯ್ತಾ, ವಾಪಸ್ ಹೋಗು. ಮತ್ತೆ, ಪ್ರತಿ ಸಲ ಓಡಿ ಬಂದು ಸಾ ಮೇಲೆ ಕೂತ್ಕೋಬೇಡ. ನಾನು ಡಿ ಮೈನರ್‌ಲಿ ಇದ್ರೆ ನೀನೂ ಅಲ್ಲೇ ಎಲ್ಲಾದ್ರೂ ಜಾಗ ನೋಡ್ಕೋ."

ತಪ್ಪು ನಿಮಗೆ ಆಗಲೇ ಹೊಳೆದಿರಬೇಕು. ಶ್ರುತಿಪೆಟ್ಟಿಗೆ ಕದಲುವುದಿಲ್ಲ. ಸಾ ಇಟ್ಟ ಕಡೆ ಇರುತ್ತದೆ, ಅದರ ಮೇಲೆ ರಾತ್ರಿ ಹಗಲು ನುಡಿಸಿದರೂ ನಾನು ತಪ್ಪುವ ಹಾಗಿಲ್ಲ. ಕಾರ್ಡುಗಳು ಹಾಗಲ್ಲ, ನಡೆಯುತ್ತಲೇ ಇರುತ್ತವೆ. ಏಳು ಸ್ವರ ಆರಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು ಅಷ್ಟೆ. ಯಾವ ಕಾರ್ಡು ಬಂದಾಗ ಯಾವುದರ ಮೇಲೆ ನಿಲ್ಲಬೇಕು, ಯಾವುದನ್ನು ತುಳಿದು ದಾಟಬೇಕು ಎಂಬುದು ಉಳಿದರ್ಧ. ಡಿ ಮೈನರ್ ಬಂದಾಗ ಸಾ ಬಿಟ್ಟು ಧೈವತದ ಮೇಲೆ ನಿಂತು ನೋಡಿದೆ. ಆಹಾ, ಎಷ್ಟು ಚೆನ್ನಾಗಿತ್ತೆಂದರೆ ವಿಕ್ಟರ್ ಕಣ್ಣು ಹೊಡೆದರು.

ಧೈವತ ರಾಗದೊಳಗೇ ಇತ್ತು, ಅತ್ತೆ ತಕರಾರು ಎತ್ತಲಿಲ್ಲ. ಎತ್ತಿದ್ದು ನಿಷಾದಕ್ಕೆ.

"ನಟಭೈರವಿಗೆ ಆ ಮೇಲಿನ ಕಾಕಲಿ ನಿಷಾದ ಹಾಕಿದ್ರೆ ಬೇರೆ ರಾಗ, ಕೀರವಾಣಿ ಆಗೋಯ್ತಲ್ಲೋ. ಒಂದು ಕಡೆ ಅದು, ಒಂದು ಕಡೆ ಇದು. ಒಂದ್ ಕಾಲಿಗೆ ಚಪ್ಪಲಿ, ಒಂದ್ ಕಾಲಿಗೆ ಬೂಟ್ಸು ಹಾಕ್ಕೊಂಡು ಹೋಗ್ತೀಯಾ?"

"ವಿಕ್ಟರ್ ಹೇಳ್ತಾರೆ ಅತ್ತೆ, ಆ ಕಾರ್ಡಿಗೆ..."

"ಕಾರ್ಡು ಗೀರ್ಡು ನಂಗೊತ್ತಿಲ್ಲ. ಅನ್ಯಸ್ವರ ಅಂದ್ರೆ ಅನ್ಯಸ್ವರ."

ಶ್ರುತಿಪೆಟ್ಟಿಗೆಯ ಮೇಲೆ ನುಡಿಸಿ ತೋರಿಸಿದರೆ ಅವರು ಹೇಳಿದ್ದೇ ನಿಜವೆಂಬ ಹಾಗೆ ಕೇಳಿಸುತ್ತಿತ್ತು. ಕಾರಣವಿಲ್ಲದೆ ಕಾಲು ಜಾರಿದ ಹಾಗೆ. ನಾನು ಹೇಡಿಗಳು ಮಾಡುವುದನ್ನೇ ಮಾಡಿದೆ. ಭೈರಸಂದ್ರದಲ್ಲಿ ಕೀರವಾಣಿಯ ನಿಷಾದ, ಜಯನಗರದಲ್ಲಿ ನಟಭೈರವಿಯದು. ಎರಡು ಕಡೆಯೂ ಶಹಭಾಸ್‌ಗಿರಿ. ವಾರ್ಷಿಕೋತ್ಸವದ ಸಭೆಯಲ್ಲಿ ಯಾವುದು ಎಂಬುದನ್ನು ಮಾತ್ರ ಮುಂದೂಡುತ್ತಾ ಹೋದೆ. ವಿಕ್ಟರ್ ಹೇಳಿದ್ದು ನುಡಿಸಿದರೆ ಗಿಟಾರು ಮನೆಯಲ್ಲಿ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ವಾರ್ಷಿಕೋತ್ಸವ ಬಂದೇಬಿಟ್ಟಿತು. ಖಾಲಿ ಸೈಟೊಂದರಲ್ಲಿ ಶಾಮಿಯಾನ. ಮೊದಲ ಸಾಲಿನಲ್ಲಿ ಅಪ್ಪ, ಪಕ್ಕದಲ್ಲಿ ಕಂದುಬಣ್ಣದ ರೇಷ್ಮೆ ಸೀರೆ ಉಟ್ಟ ಪದ್ಮತ್ತೆ, ತೊಡೆಯ ಮೇಲೆ ಬಲಗೈಯಿಂದ ತಾಳ ಹಾಕುತ್ತಾ. ನನ್ನ ಸರದಿ ಬಂತು. ಸಾಲಿನ ಕೊನೆಗೆ ಇ ಮೇಜರ್ ಬಂತು. ಅತ್ತೆಯ ಮುಖ ನೋಡಿದೆ, ಧೈರ್ಯ ಸಾಲಲಿಲ್ಲ, ಅವರು ಹೇಳಿಕೊಟ್ಟ ನಿಷಾದವನ್ನೇ ನುಡಿಸಿ ಅದರ ಮೇಲೆ ನಿಂತೆ. ಅದೂ ಮೈಕಿನಲ್ಲಿ. ಅಪ್ಪನೇ ಮುಖ ಹಿಂಡಿದರೆಂದ ಮೇಲೆ ಮಿಕ್ಕವರ ಮಾತು ಬೇಡ. ಅತ್ತೆಯ ತಾಳ ನಿಂತುಹೋಯಿತು.

ಎರಡನೇ ಸಾಲಿನಲ್ಲಿ ನಿಷಾದದ ತಂಟೆಗೇ ಹೋಗದೆ ಪಂಚಮದ ಮೇಲೆ ಬೆವರುತ್ತಾ ನಿಂತೆ. ಆಗ ಕಂಡಿತು. ಅತ್ತೆ ಕಣ್ಣು ಮುಚ್ಚಿದ್ದರು. ಅವರ ಎಡಗೈಯ ಎರಡು ಬೆರಳುಗಳು ಮೊಣಕಾಲ ಮೇಲೆ, ಸೀರೆಯ ಮೇಲೆಯೇ, ವೀಣೆಯ ದಂಡಿಯ ಮೇಲೆ ಓಡಾಡುವಂತೆ ಓಡಾಡುತ್ತಿದ್ದವು. ಅಕಾರ್ಡಿಯನ್ ಇ ಮೇಜರ್ ಹಿಡಿದೇ ಇತ್ತು. ಬೆರಳು ನಿಷಾದದ ಜಾಗಕ್ಕೆ ಬಂತು, ಹಿಂಜರಿಯಿತು, ಒಂದು ಮೆಟ್ಟು ಮೇಲಕ್ಕೆ ಸರಿದು ಅಲ್ಲಿ ಗಟ್ಟಿಯಾಗಿ ಒತ್ತಿಕೊಂಡಿತು.

ಮೂರನೇ ಸಾಲಿನಲ್ಲಿ ನಾನೂ ಅಲ್ಲೇ ಒತ್ತಿದೆ. ಅಕಾರ್ಡಿಯನ್ನಿನ ಸ್ವರ ಯಾವುದು, ನನ್ನದು ಯಾವುದು ಎಂದು ನನಗೇ ತಿಳಿಯದಷ್ಟು ಅವೆರಡೂ ಬೆರೆತವು. ಕಾರ್ಡು ಮನೆಗೆ ಮರಳಿತು, ನನ್ನ ನಿಷಾದ ಷಡ್ಜಕ್ಕೆ ಏರಿ ಕೂತಿತು. ನಾಲ್ಕನೇ ಸಾಲನ್ನು ಹೇಗೆ ನುಡಿಸಿದೆನೆಂದು ಕೇಳಬೇಡಿ, ಹೇಳಿದರೆ ನಾನು ನಿಲ್ಲಿಸುವುದಿಲ್ಲ. ಅತ್ತೆಯ ತಾಳ ಮತ್ತೆ ಶುರುವಾಗಿತ್ತು.

ಅಪ್ಪನಿಗೆ ಮನೆ ಮುಟ್ಟುವವರೆಗೂ ತಾಳ್ಮೆಯಿರಲಿಲ್ಲ. ಗೇಟಿನ ಹತ್ತಿರವೇ ಕೇಳಿದರು: "ಏನಕ್ಕ? ಅಪಸ್ವರ ಬಿತ್ತು ಅಂತ ನಂಗೇ ಗೊತ್ತಾಯ್ತು. ನಾಳೆ ಕಳಿಸ್ಬಿಡ್ಲಾ?"

ಅತ್ತೆ ಚಪ್ಪಲಿ ಬಿಟ್ಟರು, ಕಾಲು ತೊಳೆದರು.

"ಬಿತ್ತು. ಒಂದೇ ಒಂದು" ಎಂದರು. "ಅದು ನಾನು ಹೇಳ್ಕೊಟ್ಟಿದ್ದು. ಅವ್ನ ಪಾಡಿಗೆ ಅವ್ನು ನುಡಿಸಿದ್ದೆಲ್ಲ ಸರಿಯಾಗೇ ಇತ್ತು. ಗಿಟಾರ್ ಇರ್ಲಿ ಬಿಡು."

ಮಾರನೆಯ ಸಾಯಂಕಾಲ ಅವರು ಶ್ರುತಿಪೆಟ್ಟಿಗೆ ಮುಟ್ಟಲಿಲ್ಲ. ವೀಣೆ ಎಳೆದುಕೊಂಡು ಕೂತು, "ಆ ಮೂರು ಸ್ವರ ಒಟ್ಟಿಗೆ ಬಾರಿಸ್ತಾರಲ್ಲ, ಬಾರ್ಸು ನೋಡೋಣ" ಎಂದರು. ನಾನು ಕಾರ್ಡು ಹಿಡಿದೆ, ಅತ್ತೆ ಅದರ ಮೇಲೆ ಸ್ವರ ಹುಡುಕತೊಡಗಿದರು.

ಆಗ ಅವರಿಗೆ ಅರವತ್ತು. ಸಂಗೀತದಲ್ಲಿ ಅವರ ಮಾತಿಗೆ ಎದುರಾಡುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅಂದು ಸುಮ್ಮನಿದ್ದಿದ್ದರೂ ನಡೆಯುತ್ತಿತ್ತು. ನನಗೀಗ ಎಂಬತ್ತು ದಾಟಿದೆ. ಮೂವತ್ತು ವರ್ಷ ಗಿಟಾರು ಕಲಿಸಿದ್ದೇನೆ, ಚೆನ್ನಾಗಿಯೇ ಕಲಿಸಿದ್ದೇನೆ, ಅದರಲ್ಲಿ ಸಂಕೋಚವಿಲ್ಲ. ಆದರೆ ಮೇಜರ್ ಕಾರ್ಡು ನಡೆಯುವಾಗ ಶುದ್ಧ ಮಧ್ಯಮವನ್ನು, ಅಂದರೆ ಗಾಂಧಾರದ ಮೇಲಿನ ಮ ಸ್ವರವನ್ನು, ಮುಟ್ಟಲೇಕೂಡದು ಎಂದು ಬಂದವರಿಗೆಲ್ಲ ಹೇಳಿದೆ, ಮುಟ್ಟಿದವರನ್ನು ಎಲ್ಲರೆದುರು ಬೈದೆ. ಅದು ಸುಳ್ಳು. ಮುಟ್ಟಬಹುದು. ಗಾಂಧಾರಕ್ಕೆ ಇಳಿಯುವ ಮುಂಚೆ ಅಲ್ಲಿ ಒಂದು ಕ್ಷಣ ನಿಂತರೆ ಬಹಳ ಸೊಗಸು. ನನಗಿದು ತಿಳಿದು ಹತ್ತು ವರ್ಷವಾಗಿರಬೇಕು, ಯಾರಿಗೂ ಹೇಳಿರಲಿಲ್ಲ. ನನ್ನಿಂದ ಬೈಸಿಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ: ನೀವು ನುಡಿಸಿದ್ದು ಸರಿಯಾಗಿತ್ತು. ತಪ್ಪು ನಾನು ಹೇಳಿಕೊಟ್ಟದ್ದು.