ಬಾಗಿಲಲ್ಲಿ ಒಂದು ಜೊತೆ ಗಂಡಸರ ಚಪ್ಪಲಿ

ನೀವು ಬಾಡಿಗೆ ಮನೆ ಕೇಳಿಕೊಂಡು ಹೋದಾಗ, ಮನೆಯವರು ನಿಮ್ಮ ಮುಖಕ್ಕಿಂತ ಮುಂಚೆ ನಿಮ್ಮ ಚಪ್ಪಲಿ ನೋಡಿದ್ದಾರಾ? ನಿಜ ಹೇಳಿ. ಇಲ್ಲ ಅನ್ನುವುದಾದರೆ ನೀವು ನಮ್ಮಜ್ಜಿಯ ಹತ್ತಿರ ಮನೆ ಕೇಳಿಲ್ಲ ಅಂತ ಅರ್ಥ.

ಈ ಮಾತು ಈಗ ಯಾಕೆ ಬಂತು ಅಂದರೆ, ಮೊನ್ನೆ ಭಾನುವಾರ ಬಟ್ಟೆ ಒಣಗಹಾಕಲು ತಾರಸಿಗೆ ಹೋಗುತ್ತಿದ್ದೆ. ನಮ್ಮ ಮಹಡಿ ಮನೆಯ ಬಾಗಿಲಲ್ಲಿ ಒಂದು ಜೊತೆ ಗಂಡಸರ ಚಪ್ಪಲಿ ಇತ್ತು. ಕಂದು ಬಣ್ಣ, ಹತ್ತನೇ ನಂಬರು. ಆ ಮನೆಯಲ್ಲಿ ಬಾಡಿಗೆಗೆ ಇರುವುದು ಒಬ್ಬಳೇ ಹುಡುಗಿ, ಇಲ್ಲೇ ಮಂಡ್ಯದ ಒಂದು ಲ್ಯಾಬಿನಲ್ಲಿ ಕೆಲಸ. ಬಂದು ಎರಡು ತಿಂಗಳಾಗಿದೆ. ಅವಳ ಪುಟ್ಟ ಚಪ್ಪಲಿಯ ಪಕ್ಕದಲ್ಲಿ ಇದು ಕಾವಲಿಗೆ ಕೂತ ಹಾಗೆ ಕೂತಿತ್ತು. ಒದ್ದೆ ಬಟ್ಟೆಯ ಬಕೆಟ್ಟು ಹಿಡಿದುಕೊಂಡು ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಯಾರು ಬಂದಿದ್ದಾರೆ ಅನ್ನುವ ಕುತೂಹಲಕ್ಕಲ್ಲ. ಆ ಥರದ ಚಪ್ಪಲಿ ನನಗೆ ಗೊತ್ತು. ಅದರ ಕತೆ ಹೇಳುತ್ತೇನೆ. ನನಗೆ ಒಳ್ಳೆ ಹೆಸರು ತರುವ ಕತೆಯಲ್ಲ, ಮೊದಲೇ ಹೇಳಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು, ನನಗೆ ಹತ್ತು ವರ್ಷ. ಈಗ ಮಹಡಿ ಎದ್ದಿರುವ ಈ ಜಾಗದಲ್ಲೇ ಆಗ ನಮ್ಮ ಹೆಂಚಿನ ಮನೆ ಇತ್ತು. ಮುಂದುಗಡೆ ನಾವು, ಹಿಂದುಗಡೆ ಒಂದು ಕೋಣೆ, ಅಡುಗೆಮನೆ, ಬಚ್ಚಲು ಇದ್ದ ಬಾಡಿಗೆ ಭಾಗ. ಅದಕ್ಕೆ ಓಣಿಯಿಂದ ಬೇರೆ ಬಾಗಿಲು. ಅಪ್ಪ ಗುಮಾಸ್ತರು, ಆಫೀಸು ಬಿಟ್ಟರೆ ಪೇಪರು. ಬಾಡಿಗೆಗೆ ಯಾರು ಬರಬೇಕು ಅನ್ನುವುದು ಅಜ್ಜಿಯ ತೀರ್ಮಾನ. ಮದ್ದೂರಿನ ಕಡೆಯ ಹಳ್ಳಿಯಿಂದ ಬಂದ ಗೌಡರ ಮನೆ ಹೆಂಗಸು, ಓದು ಬರಹ ಇಲ್ಲ. ನಮ್ಮ ಮನೆಯಲ್ಲಿ ಭಾನುವಾರ ಬಂತೆಂದರೆ ಬಾಡಿನ ಸಾರು ಕುದಿಯುತ್ತಿತ್ತು. ಬಾಡಿಗೆಗೆ ಬರುವವರು ಮಾತ್ರ ಸೊಪ್ಪಿನ ಸಾರಿನವರಾದರೆ ವಾಸಿ ಅನ್ನುತ್ತಿದ್ದಳು. ಗೋಡೆ ಚೆನ್ನಾಗಿರುತ್ತದಂತೆ. ಇದೆಂಥ ನ್ಯಾಯ ಅಂತ ಕೇಳುವ ಧೈರ್ಯ ನಮ್ಮಪ್ಪನಿಗೂ ಇರಲಿಲ್ಲ.

ಅವಳ ನಿಜವಾದ ಪರೀಕ್ಷೆ ಚಪ್ಪಲಿಯದು. ಮನೆ ನೋಡಲು ಬಂದವರು ಚಪ್ಪಲಿಯನ್ನು ಗೇಟಿನ ಹತ್ತಿರ ಬಿಡುತ್ತಾರಾ, ಜಗಲಿಯವರೆಗೂ ಹಾಕಿಕೊಂಡು ಬರುತ್ತಾರಾ, ಜೋಡಿಸಿ ಇಡುತ್ತಾರಾ, ಎಲ್ಲೋ ಒದ್ದು ಬಿಡುತ್ತಾರಾ ಎಲ್ಲ ನೋಡುತ್ತಿದ್ದಳು. ಒಂದು ಸಲ ಒಬ್ಬ ಇನ್ಸ್‌ಪೆಕ್ಟರು ಮನೆ ಕೇಳಿ ಹೋದ ಮೇಲೆ ನನ್ನ ಕಿವಿಯಲ್ಲಿ ಹೇಳಿದಳು: "ಚಪ್ಲಿ ಇಮ್ಮಡಿ ಒಂದ್ಕಡೆನೇ ಸವ್ದದೆ ನೋಡಮ್ಮಿ. ಇವ್ನು ನಿಂತ ಕಡೆ ನಿಲ್ಲೋನಲ್ಲ." ಅಪ್ಪ ಅವರಿಗೇ ಮನೆ ಕೊಡಿಸಿದರು. ನಾಲ್ಕೇ ತಿಂಗಳಿಗೆ ಆ ಮನುಷ್ಯನಿಗೆ ವರ್ಗವಾಯಿತು. ಆಮೇಲೆ ಅಪ್ಪ ಆ ವಿಷಯಕ್ಕೆ ತಲೆ ಹಾಕಲಿಲ್ಲ.

ಹಾಗೆ ಖಾಲಿಯಾದ ಮನೆ ಕೇಳಿಕೊಂಡು ಬಂದವಳು ಜಯಮ್ಮ ಟೀಚರ್. ಮೂವತ್ತರ ಆಸುಪಾಸು, ಕತ್ತಿನಲ್ಲಿ ಕರಿಮಣಿ, ಕೈಯಲ್ಲಿ ಛತ್ರಿ. ಚಪ್ಪಲಿಯನ್ನು ಗೇಟಿನ ಆಚೆ, ಒಂದಕ್ಕೊಂದು ಅಂಟಿಸಿದ ಹಾಗೆ ಬಿಟ್ಟು ಬಂದಳು.

"ಯಾವೂರವ್ವ?" ಅಂದಳು ಅಜ್ಜಿ.

"ಮಳವಳ್ಳಿ ಕಣಮ್ಮ. ಇಲ್ಲಿ ಹೊಲಿಗೆ ಕ್ಲಾಸಲ್ಲಿ ಟೀಚರ್ ಕೆಲ್ಸ ಸಿಕ್ಕದೆ."

"ನಿಮ್ಮೆಜಮಾನ್ರು?"

"ಡ್ಯಾಮ್ ಕೆಲ್ಸದಲ್ಲಿ ಮೇಸ್ತ್ರಿ. ದೂರ. ತಿಂಗ್ಳಿಗೊಂದ್ಸಲ ಬತ್ತಾರೆ."

"ನಾವು ಸಂಸಾರಸ್ತರ್ಗೇ ಕೊಡಾದು ಕಣವ್ವ. ಒಂಟಿ ಎಂಗಸ್ರಿಗೆ ಕೊಟ್ಟು ಬೀದಿಯೋರ್ ಬಾಯಿ ಯಾರು ಕಾಯ್ತಾ ಕೂತ್ಕೊಂಡಾರು?"

"ಅಂಗೇನಿಲ್ಲ ಕಣಮ್ಮ. ಬತ್ತಾರೆ ಅವ್ರು."

ಅಜ್ಜಿ ಗೇಟಿನ ಕಡೆ ಇನ್ನೊಂದು ಸಲ ನೋಡಿದಳು. "ಸರಿ ಬುಡು. ಗುರುವಾರ ಚೆನ್ನಾಗದೆ, ಬಂದು ಆಲುಕ್ಸು."

ಗುರುವಾರ ಹಾಲುಕ್ಕಿಸಲು ಗಂಡ ಬರಲಿಲ್ಲ. ಗಂಡನ ಚಪ್ಪಲಿ ಬಂತು. ಒಂದು ಟ್ರಂಕು, ಒಂದು ಹೊಲಿಗೆ ಮಿಷನ್ನು, ಬಾಗಿಲಲ್ಲಿ ಆ ದೊಡ್ಡ ಚಪ್ಪಲಿ. ಯಜಮಾನರು ಮನೆಯಲ್ಲಿದ್ದಾಗ ಹಾಕಿಕೊಳ್ಳುವುದು, ಕೆಲಸಕ್ಕೆ ಬೂಟು ಅಂತ ಅವಳೇ ಹೇಳಿದಳು. ಅವರು ತಿಂಗಳಿಗೊಮ್ಮೆ ಶನಿವಾರದ ಕೊನೇ ಬಸ್ಸಿಗೆ ಬಂದು ಭಾನುವಾರದ ಮೊದಲನೇ ಬಸ್ಸಿಗೆ ಹೋಗುತ್ತಿದ್ದರಂತೆ. ಅವರನ್ನು ನಾವು ಯಾರೂ ಕಾಣಲಿಲ್ಲ.

ನಾನಂತೂ ಸ್ಕೂಲು ಬಿಟ್ಟರೆ ಅವಳ ಮಿಷನ್ನಿನ ಪಕ್ಕದಲ್ಲೇ. ಬೊಂಬೆಗೆ ತುಂಡು ಬಟ್ಟೆ ಸಿಗುತ್ತಿತ್ತು, ಸೂಜಿಗೆ ದಾರ ಪೋಣಿಸಲು ಬಿಡುತ್ತಿದ್ದಳು. ಒಂದು ಸಂಜೆ ಆಟಕ್ಕೆ ಆ ದೊಡ್ಡ ಚಪ್ಪಲಿಗೆ ಕಾಲು ತೂರಿಸಿದೆ. ಅಜ್ಜಿಯ ಮೊಮ್ಮಗಳಲ್ಲವೇ, ತೆಗೆದು ಅಡಿ ನೋಡಿದೆ. ಅಂಗಡಿಯಿಂದ ಬಂದ ಹಾಗೇ ಇತ್ತು. "ಟೀಚರೇ, ಇದನ್ನ ಯಾರೂ ತುಳಿದೇ ಇಲ್ವಲ್ಲ" ಅಂದೆ.

ಜಯಮ್ಮ ಬಾಗಿಲು ಮುಂದೆ ಮಾಡಿ ಬಂದು ಕೂತಳು. ಮಕ್ಕಳಿಗೆ ಹೇಳುವ ಸುಳ್ಳು ಯಾವುದನ್ನೂ ಹೇಳಲಿಲ್ಲ.

"ನಮ್ಮೆಜಮಾನ್ರು ಮಳವಳ್ಳೀಲೇ ಅವ್ರೆ ಕಣಮ್ಮಿ. ಇನ್ನೊಬ್ಳನ್ನ ಕಟ್ಕೊಂಡವ್ರೆ. ಮೂರು ವರ್ಸ ನಮ್ಮಣ್ಣನ ಮನೇಲಿ ಮುಸುರೆ ತಿಕ್ದೆ. ಈ ಮನೆ ಹೋದ್ರೆ ಕೆಲ್ಸ ಹೋಯ್ತದೆ, ಕೆಲ್ಸ ಹೋದ್ರೆ ಮತ್ತೆ ಅಲ್ಲಿಗೇ. ಯಾರ್ಗೂ ಯೋಳ್ಬೇಡ."

ತಲೆ ಮೇಲೆ ಕೈ ಇಟ್ಟುಕೊಂಡು ಆಣೆ ಮಾಡಿದೆ. ಅಷ್ಟೇ ಅಲ್ಲ, ಉಪಾಯ ಹೇಳಿದವಳೂ ನಾನೇ. ಚಪ್ಪಲಿ ಹೀಗೆ ಹೊಸದಾಗೇ ಇದ್ದರೆ ಅಜ್ಜಿ ಕಂಡುಹಿಡಿದುಬಿಡುತ್ತಾಳೆ, ಸವೆಸಬೇಕು ಅಂದೆ. ಅವತ್ತಿನಿಂದ ಅವಳ ಹಿತ್ತಿಲಿನ ನುಗ್ಗೆ ಮರದ ಸುತ್ತ, ಆ ದೋಣಿಯಂಥ ಚಪ್ಪಲಿ ಹಾಕಿಕೊಂಡು ಪಟಪಟ ಅಂತ ನಡೆಯುವುದು ನನ್ನ ಕೆಲಸವಾಯಿತು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. "ನಡೀರಿ ಎಜಮಾನ್ರೇ, ಬಸ್ಸು ಹೊಂಟೋಯ್ತದೆ" ಅನ್ನುತ್ತಿದ್ದಳು.

ಆರು ತಿಂಗಳು ಹೀಗೇ ಹೋಯಿತು. ಸಂಕ್ರಾಂತಿ ಬಂತು. ಬೀದಿಯಲ್ಲೆಲ್ಲ ಕಬ್ಬಿನ ಗಾಡಿಗಳ ಧೂಳು, ಮನೆಮನೆಯಲ್ಲೂ ಅವರೆಕಾಯಿಯ ಸೊಗಡು. ಎಳ್ಳು ಬೀರಲು ನನಗೆ ಬುಗ್ಗೆ ಕೈಯ ಹೊಸ ಫ್ರಾಕು ಬೇಕಿತ್ತು, ನೀಲಿ ಬಟ್ಟೆ ಕೊಟ್ಟಿದ್ದೆ. ಎದುರು ಮನೆಯ ಗಿರಿಜಳೂ ಕೊಟ್ಟಿದ್ದಳು. ಜಯಮ್ಮ ಮೊದಲು ಗಿರಿಜಳದ್ದು ಹೊಲಿದಳು. ಕೇಳಿದರೆ, "ನೀನು ಮನೆ ಮಗು ಕಣಮ್ಮಿ, ಎರಡು ದಿನ ತಾಳು" ಅಂದಳು. ಈಗ ಯೋಚಿಸಿದರೆ ಅದಕ್ಕಿಂತ ಪ್ರೀತಿಯ ಮಾತು ಇನ್ನೊಂದಿಲ್ಲ. ಆಗ ಹೊಟ್ಟೆ ಉರಿದುಹೋಯಿತು.

ಹಬ್ಬಕ್ಕೆ ಎರಡು ದಿನ ಮುಂಚೆ ನಮ್ಮ ಜಗಲಿ ಮೇಲೆ ಬೀದಿಯ ಹೆಂಗಸರೆಲ್ಲ ಕೂತು ಅವರೆಕಾಳು ಹಿತುಕುತ್ತಿದ್ದರು. ಗಿರಿಜ ಹಬ್ಬಕ್ಕೆ ಮುಂಚೆಯೇ ಹೊಸ ಫ್ರಾಕು ಹಾಕಿಕೊಂಡು ಅವರಮ್ಮ ಸಾವಿತ್ರಮ್ಮನಿಗೆ ಒರಗಿ ನಿಂತಿದ್ದಳು. ಸಾವಿತ್ರಮ್ಮ ಕಾಳು ಹಿತುಕುತ್ತಲೇ ಅಜ್ಜಿಯನ್ನು ಕೇಳಿದಳು: "ಅಲ್ಲ ಕಣತ್ತೆ, ನಿಮ್ ಟೀಚರಮ್ಮನ ಗಂಡನ್ನ ಒಂದ್ಸಲಾನೂ ನೋಡ್ನಿಲ್ವಲ್ಲ. ಮನ್ಸನೋ ಗಾಳಿಯೋ?"

"ನೀನು ಏಳೋ ಒತ್ಗೆ ಅವ್ನು ಮದ್ದೂರು ದಾಟಿರ್ತಾನೆ" ಅಂದಳು ಅಜ್ಜಿ. "ಕಾಣಾಕಿಲ್ವಾ ಚಪ್ಲಿ ಸವ್ದಿರಾದು?"

ಎಲ್ಲರೂ ನಕ್ಕರು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಾನು ಹೇಳಿದೆ: "ಅದನ್ನ ಸವ್ಸಿರಾದು ನಾನು."

ಬಾಯಿ ಜಾರಿತು ಅಂತ ಬರೆಯಬಹುದು. ಜಾರಲಿಲ್ಲ. ಗಿರಿಜಳ ಬುಗ್ಗೆ ಕೈ ನೋಡುತ್ತಾ, ಏನಾಗುತ್ತದೆ ಅಂತ ಗೊತ್ತಿದ್ದೇ ಹೇಳಿದೆ. ಮಳವಳ್ಳಿಯದ್ದು, ಇನ್ನೊಬ್ಬಳದ್ದು, ಅಣ್ಣನ ಮನೆಯದ್ದು ಎಲ್ಲ. ಅವರು ಕೇಳದೇ ಇದ್ದದ್ದನ್ನೂ ಹೇಳಿದೆ.

ಹಿತುಕುತ್ತಿದ್ದ ಕೈಗಳೆಲ್ಲ ನಿಂತವು. ಸಾವಿತ್ರಮ್ಮ ಮೆಲ್ಲಗೆ ಕೇಳಿದಳು: "ಗೊತ್ತಿದ್ದೂ ಮಡಗ್ಕೊಂಡಿದ್ರಾ ಅತ್ತೆ?"

"ಗೊತ್ತಿರ್ನಿಲ್ಲ" ಅಂದಳು ಅಜ್ಜಿ. ಸಂಜೆ ಹಿಂದಿನ ಮನೆಗೆ ಹೋಗಿ, ತಿಂಗಳ ಕೊನೆಗೆ ಖಾಲಿ ಮಾಡು ಅಂತ ಹೇಳಿ ಬಂದಳು.

ಜಯಮ್ಮ ಗೋಗರೆಯಲಿಲ್ಲ. ಛತ್ರಿ ಹಿಡಿದುಕೊಂಡು ದಿನಾ ಸಂಜೆ ಮಂಡ್ಯದ ಬೀದಿ ಬೀದಿ ಮನೆ ಹುಡುಕಿದಳು. ಎಲ್ಲಿ ಹೋದರೂ ಅವಳಿಗಿಂತ ಮುಂಚೆ ಸುದ್ದಿ ಹೋಗಿ ಕೂತಿರುತ್ತಿತ್ತು. ಕೊನೆಗೆ ಅಣ್ಣ ಬಂದು ಮಿಷನ್ನನ್ನು ಬಸ್ಸಿನ ಟಾಪಿಗೆ ಏರಿಸಿದ. ಮಳವಳ್ಳಿಯಿಂದ ದಿನಾ ಓಡಾಡಿಕೊಂಡಿರುತ್ತೇನೆ ಅಂದಳಂತೆ, ಅವನು ಬೇಡ ಅಂದನಂತೆ. ಹೊರಡುವಾಗ ನನ್ನ ಕೈಗೆ ನೀಲಿ ಬಟ್ಟೆ ಕೊಟ್ಟಳು. ಕತ್ತರಿಸಿ ಆಗಿತ್ತು, ಸೀಮೆಸುಣ್ಣದ ಗೆರೆಗಳು ಹಾಗೇ ಇದ್ದವು, ಎರಡು ತೋಳುಗಳಿಗೆ ಮಾತ್ರ ನಿರಿಗೆ ಹಿಡಿದಿದ್ದಳು.

"ಯಾರ ಕೈಲಾದ್ರೂ ಹೊಲಿಸ್ಕೊ" ಅಂದಳು. ನಾನು ಹೊಲಿಸಿಕೊಳ್ಳಲಿಲ್ಲ.

ಚಪ್ಪಲಿಯನ್ನು ಅಲ್ಲೇ ಬಿಟ್ಟು ಹೋಗಿದ್ದಳು. ಮಾರನೇ ದಿನ ಅಜ್ಜಿ ಅದನ್ನು ಎತ್ತಿ ನನ್ನ ಮುಂದೆ ಹಿಡಿದಳು. "ನೋಡಿಲ್ಲಿ. ಇಷ್ಟುದ್ದದ ಚಪ್ಲೀಲಿ ಎಬ್ಬೆಟ್ಟಿನ ಗುರ್ತು ಎಲ್ಲಿ ಬಿದ್ದದೆ? ನಡೂಕೆ. ಇದು ಮಗೀನ ಕಾಲು ಅಂತ ನಂಗೆ ಗೊತ್ತಾಗಾಕಿಲ್ವಾ? ಅವಳು ಆಲುಕ್ಸಿದ ದಿನ್ವೇ, ಒಸ ಚಪ್ಲಿ ನೋಡ್ದಾಗ್ಲೇ ಗೊತ್ತಾಗಿತ್ತು ಕಣಮ್ಮಿ. ಗೊತ್ತಿದ್ದೂ ಸುಮ್ಗಿದ್ದೆ. ಯಾರೂ ಆಡ್ದಿದ್ರೆ ಅವ್ಳು ಇಲ್ಲೇ ಇರ್ತಿದ್ಲು. ನೀನು ಆಡ್ಬುಟ್ಟೆ."

ಅಜ್ಜಿಗೂ ಧೈರ್ಯ ಸಾಲಲಿಲ್ಲ, ಅದನ್ನೂ ಬರೆಯಬೇಕು. "ಹೌದು, ಗೊತ್ತಿತ್ತು, ಇರ್ಲಿ ಬುಡಿ" ಅಂದಿದ್ದರೆ ಬೀದಿ ನಾಲ್ಕು ದಿನ ಆಡಿಕೊಂಡು ಸುಮ್ಮನಾಗುತ್ತಿತ್ತು. ಆದರೆ ಅವಳ ತಪ್ಪು ಎಷ್ಟು ಅಂತ ಲೆಕ್ಕ ಹಾಕಿದರೆ ನನ್ನದು ಕಡಿಮೆಯಾಗುವುದಿಲ್ಲ. ದೊಡ್ಡವಳಾದ ಮೇಲೆ ಜಯಮ್ಮ ಟೀಚರನ್ನು ಹುಡುಕಿದೆ ಅಂತ ಬರೆದರೆ ನೀವು ಲೈಕು ಜಾಸ್ತಿ ಒತ್ತುತ್ತೀರಿ. ಹುಡುಕಲಿಲ್ಲ. ಮಳವಳ್ಳಿ ಮೇಲೆ ಎಷ್ಟೋ ಸಲ ಹೋಗಿದ್ದೇನೆ. ಬಸ್ಸು ನಿಂತಾಗ ಕಿಟಕಿಯಲ್ಲಿ ಹೊಲಿಗೆ ಅಂಗಡಿ ಕಂಡರೆ ಮುಖ ಈ ಕಡೆ ತಿರುಗಿಸಿಕೊಂಡಿದ್ದೇನೆ.

ಮೊನ್ನೆ ಸೋಮವಾರ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲೆ ಕೈ ಊರಿ ಕೇಳಿದಳು: "ಏನಕ್ಕ, ಮೇಲ್ಗಡೆ ಹುಡುಗಿ ಮನೇಲಿ ಯಾರೋ ಗಂಡಸ್ರು ಇದ್ದಂಗದೆ?"

"ಚಪ್ಲಿ ನೋಡಿದ್ಯಾ? ಅದು ನಮ್ಮನೆಯವ್ರದ್ದು ಕಣಮ್ಮ. ತಾರಸಿಗೆ ಓಗೋವಾಗ ಅಲ್ಲಿ ಬುಡ್ತಾರೆ" ಅಂದೆ. ನಮ್ಮನೆಯವರ ಕಾಲು ಏಳನೇ ನಂಬರು.

ಆಮೇಲೆ ಮೇಲೆ ಹೋದೆ. ಹುಡುಗಿ ಕೆಲಸಕ್ಕೆ ಹೋಗಿದ್ದಳು. ಚಪ್ಪಲಿ ಎತ್ತಿ ಅಡಿ ನೋಡಿದೆ. ಒಂದು ಗೀರೂ ಇಲ್ಲ. ಮಂಡಿ ನೋವಿದ್ದರೂ ಹಾಕಿಕೊಂಡು ತಾರಸಿಯಲ್ಲಿ ಎಂಟು ಸುತ್ತು ನಡೆದೆ. ಬೆರಳನ್ನು ಆದಷ್ಟು ಮುಂದಕ್ಕೆ ಚಾಚಿ ನಡೆದೆ, ಈ ಸಲ ಗುರುತು ಸರಿಯಾದ ಜಾಗಕ್ಕೆ ಬೀಳಲಿ ಅಂತ. ತಂದು ಬಾಗಿಲಲ್ಲಿ ಬಿಟ್ಟೆ, ಒಂದನ್ನು ಸ್ವಲ್ಪ ಓರೆಯಾಗಿ, ಗಂಡಸರು ಬಿಡುವ ಹಾಗೆ. ಹುಡುಗಿಗೆ ಏನೂ ಹೇಳಿಲ್ಲ.

ಈಗ ನೀವು ಹೇಳಿ. ಮನೆ ಸಿಗಲಿ ಅಂತ ನೀವು ಯಾವ ಸುಳ್ಳು ಹೇಳಿದ್ದಿರಿ, ಅದನ್ನು ಯಾರು ಕಾಪಾಡಿದರು, ಯಾರು ಬೀದಿಗೆ ಹಾಕಿದರು? ಬೀದಿಗೆ ಹಾಕಿದವರು ನೀವೇ ಆಗಿದ್ದರೆ ಅದನ್ನೂ ಕೆಳಗೆ ಬರೆಯಿರಿ. ನಾನು ಬರೆದಿದ್ದೇನಲ್ಲ.